ಚಿತೆ ಏರದೆ ಉಳಿದ ಅತ್ತಿಮಬ್ಬೆ

ಗದಗದಿಂದ ಲಕ್ಕುಂಡಿಗೆ ಬರೀ 12 ಕಿಲೋಮೀಟರು. ಬಸ್ಸಿಳಿದು ಬ್ರಹ್ಮ ಜಿನಾಲಯದ ಕಡೆ ಹೊರಟರೆ, ದಾರಿಯಲ್ಲಿ ಯಾರನ್ನು ಕೇಳಿದರೂ ಅತ್ತಿಮಬ್ಬೆಯ ಬಗ್ಗೆ ಎರಡು ಮಾತು ಹೇಳಿಯೇ ಹೇಳ್ತಾರೆ. ದಾನ ಮಾಡಿದಳು, ಹೊಳೆ ನಿಲ್ಲಿಸಿದಳು. ಸರ್ಕಾರ ಆಕೆಯ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ, ಭಾಷಣಗಳಲ್ಲಿ ಆಕೆಯನ್ನು ಮಾತೆ, ಸಾಧ್ವಿ, ದಾನಚಿಂತಾಮಣಿ ಅಂತ ಕರೆಯುತ್ತಾರೆ. ಆದರೆ ಆಕೆಗೊಬ್ಬ ತಂಗಿ ಇದ್ದಳು, ಅವಳು ಬೆಂಕಿಗೆ ಬಿದ್ದು ಸತ್ತಳು ಎಂಬುದನ್ನು ಯಾರೂ ಮೊದಲಿಗೆ ಹೇಳುವುದಿಲ್ಲ. ಹೇಳಿದರೂ ಅದನ್ನು ಅಕ್ಕನ ಕಥೆಗೊಂದು ಅಲಂಕಾರ ಮಾಡಿ ಹೇಳುತ್ತಾರೆ. ನನಗೆ ಅತ್ತಿಮಬ್ಬೆಯ ಬದುಕು ಅರ್ಥವಾಗತೊಡಗಿದ್ದು ಆ ತಂಗಿಯಿಂದ. ಅದಕ್ಕೇ ನಾನು ಹೊಳೆಯ ಕಥೆಯನ್ನು ಆಮೇಲೆ ಹೇಳುತ್ತೇನೆ.

ಆಕೆಯ ಮನೆತನ ಮೂಲತಃ ನಮ್ಮ ಕಡೆಯದಲ್ಲ. ವೆಂಗಿ ಮಂಡಲದ ಕಮ್ಮೆನಾಡಿನ ಪುಂಗನೂರು, ಅಂದರೆ ಈಗಿನ ಆಂಧ್ರದ ಕಡೆಯವರು. ಕೌಂಡಿನ್ಯ ಗೋತ್ರದ ಬ್ರಾಹ್ಮಣ ಕುಲದವರಾದರೂ ಜೈನ ಧರ್ಮವನ್ನು ಹಿಡಿದವರು. ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ. ಈ ಅಣ್ಣ ತಮ್ಮ ಕತ್ತಿ ಹಿಡಿಯುವವರೂ ಹೌದು, ಕವಿಗಳನ್ನು ಸಾಕುವವರೂ ಹೌದು. ತಮ್ಮ ಗುರು ಜಿನಚಂದ್ರದೇವರು ತೀರಿಕೊಂಡಾಗ ಅವರ ನೆನಪಿಗೆ ಒಂದು ಕಾವ್ಯ ಬರೆಸಬೇಕೆಂದು ಹೊರಟು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಪೊನ್ನನ ಕೈಯಲ್ಲಿ ‘ಶಾಂತಿಪುರಾಣ’ ಬರೆಸಿದರು. ಹದಿನಾರನೆಯ ತೀರ್ಥಂಕರ ಶಾಂತಿನಾಥನ ಕಥೆ, ಹನ್ನೆರಡು ಆಶ್ವಾಸಗಳ ಚಂಪೂ. ಈ ಪುಸ್ತಕದ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

10ನೇ ಶತಮಾನದ ನಡುಭಾಗದಲ್ಲಿ ಹುಟ್ಟಿದ ಅತ್ತಿಮಬ್ಬೆ ಬೆಳೆದದ್ದು ಇಂಥ ಮನೆಯಲ್ಲಿ. ಪುಸ್ತಕ, ಪೂಜೆ, ಯುದ್ಧ ಮೂರೂ ಒಂದೇ ಸೂರಿನಡಿ ಇದ್ದ ಮನೆ. ಆಕೆ ಹುಡುಗಿಯಾಗಿದ್ದಾಗ ಸುತ್ತಲಿನ ಲೋಕ ಕುಸಿಯುತ್ತಿತ್ತು. 972ರಲ್ಲಿ ಪರಮಾರ ದೊರೆ ಸೀಯಕ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಕೊಳ್ಳೆ ಹೊಡೆದ. ಮರುವರ್ಷ, 973ರಲ್ಲಿ, ಅವರ ಸಾಮಂತನಾಗಿದ್ದ ತೈಲಪ ತಾನೇ ಗದ್ದುಗೆ ಹಿಡಿದು ಕಲ್ಯಾಣ ಚಾಲುಕ್ಯರ ಆಳ್ವಿಕೆ ಶುರು ಮಾಡಿದ. ಎರಡು ನೂರು ವರ್ಷಗಳಿಗೂ ಮಿಕ್ಕಿ ನಿಂತಿದ್ದ ಸಾಮ್ರಾಜ್ಯವೊಂದು ಆಕೆಯ ಕಣ್ಣೆದುರೇ ಮಣ್ಣಾಯಿತು.

ಹೊಸ ದೊರೆಯ ಮಹಾಮಂತ್ರಿ ಧಲ್ಲಪ. ಅವನ ಮಗ ನಾಗದೇವ, ತೈಲಪನ ಸೇನಾನಿ. ಮಲ್ಲಪ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ, ಅತ್ತಿಮಬ್ಬೆಯನ್ನೂ ಗುಂಡಮಬ್ಬೆಯನ್ನೂ, ಈ ನಾಗದೇವನಿಗೇ ಕೊಟ್ಟ. ಅಕ್ಕತಂಗಿಯರಿಬ್ಬರನ್ನು ಒಬ್ಬನಿಗೇ ಕೊಡುವುದು ಆ ಕಾಲದ ದೊಡ್ಡ ಮನೆಗಳಲ್ಲಿ ವಿಶೇಷವೇನಲ್ಲ. ನನ್ನ ಕಣ್ಣಿಗೆ ಅದು ಎರಡು ಅಧಿಕಾರದ ಮನೆಗಳ ನಡುವಿನ ಗಂಟು, ಒಂದಕ್ಕೆ ಎರಡು ಹಾಕಿದ್ದಾರೆ, ಅಷ್ಟೇ. ಅತ್ತಿಮಬ್ಬೆಗೆ ಒಬ್ಬ ಮಗ ಹುಟ್ಟಿದ, ಅಣ್ಣಿಗದೇವ.

ನಾಗದೇವ ಯುದ್ಧದಲ್ಲಿ ಸತ್ತ.

ಆಮೇಲೆ ನಡೆದದ್ದನ್ನು ರನ್ನ ತನ್ನ ‘ಅಜಿತಪುರಾಣ’ದಲ್ಲಿ ಹೇಳುತ್ತಾನೆ. ಗುಂಡಮಬ್ಬೆ ಗಂಡನ ಜೊತೆ ಚಿತೆ ಏರಿದಳು. ಅತ್ತಿಮಬ್ಬೆ ಏರಲಿಲ್ಲ. ಸಣ್ಣ ಮಗು ಇತ್ತು, ಅದಕ್ಕೇ ಉಳಿದಳು ಎಂಬುದು ಎಲ್ಲರೂ ಹೇಳುವ ಕಾರಣ. ಪಾಠ ಪುಸ್ತಕದಿಂದ ಹಿಡಿದು ಪ್ರಶಸ್ತಿ ಸಮಾರಂಭದ ಆಮಂತ್ರಣ ಪತ್ರಿಕೆವರೆಗೆ ಎಲ್ಲ ಕಡೆ ಈ ಕಾರಣವೇ. ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ಇದರೊಳಗೆ ಒಂದು ಲೆಕ್ಕ ಅಡಗಿದೆ: ಮಗು ಇಲ್ಲದಿದ್ದರೆ ಆಕೆಯೂ ಸಾಯಬೇಕಿತ್ತು. ಅಂದರೆ ಗಂಡ ಸತ್ತ ಹೆಣ್ಣು ಬದುಕಲು ಒಂದು ರಿಯಾಯಿತಿ ಬೇಕು, ಗಂಡುಮಗುವಿದ್ದರೆ ಆ ರಿಯಾಯಿತಿ ಸಿಗುತ್ತದೆ. ಹಾಗಾದರೆ ಗುಂಡಮಬ್ಬೆಗೆ ಸಿಗದೇ ಹೋದದ್ದು ಅದೇ ತಾನೆ?

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಈ ಅಕ್ಕತಂಗಿಯರ ಮನೆಯ ಧರ್ಮ ಏನು ಹೇಳುತ್ತಿತ್ತು ಎಂದು ನೋಡದೆ ಮುಂದೆ ಹೋಗುವಂತಿಲ್ಲ. ಜೈನ ಗೃಹಸ್ಥರ ನಡವಳಿಕೆಯನ್ನು ಹೇಳುವ ಹಳೆಯ ಗ್ರಂಥ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’. ಅದರಲ್ಲಿ ಲೋಕಮೂಢತೆ ಅಂತ ಒಂದು ವಿಚಾರ ಬರುತ್ತದೆ. ಪುಣ್ಯ ಬರುತ್ತದೆಂದು ನದಿ ಸಮುದ್ರಗಳಲ್ಲಿ ಮುಳುಗುವುದು, ಮರಳು ಕಲ್ಲು ಗುಡ್ಡೆ ಹಾಕುವುದು, ಬೆಟ್ಟದಿಂದ ಬೀಳುವುದು, ಬೆಂಕಿಗೆ ಬೀಳುವುದು, ಇವೆಲ್ಲ ಜನರ ಮೂಢನಂಬಿಕೆ, ಬಿಡಬೇಕಾದದ್ದು ಎನ್ನುತ್ತದೆ ಆ ಗ್ರಂಥ. ಬೆಂಕಿಗೆ ಬೀಳುವುದು! ಗಮನಿಸಿ, ಇದು ನಮ್ಮ ಕಾಲದ ವಿಚಾರವಾದಿಗಳು ಹೊರಗಿನಿಂದ ಹೇಳಿದ್ದಲ್ಲ. ಆ ಧರ್ಮ ತನ್ನ ಮನೆಮಂದಿಗೇ ಹೇಳಿಕೊಟ್ಟ ಪಾಠ.

ಹಾಗಿದ್ದರೆ ಚಿತೆ ಏರಿದ ತಂಗಿ ನಂಬಿಕೆಯಲ್ಲಿ ಗಟ್ಟಿ, ಉಳಿದ ಅಕ್ಕ ಮಗುವಿನ ಮೋಹಕ್ಕೆ ಬಿದ್ದವಳು ಎಂಬ ಓದು ತಲೆಕೆಳಗಾಗುತ್ತದೆ. ಸ್ವಂತ ಧರ್ಮದ ಪ್ರಕಾರ ನಡೆದವಳು ಅತ್ತಿಮಬ್ಬೆ. ಗುಂಡಮಬ್ಬೆ ನಡೆದದ್ದು ಇನ್ನೊಂದು ಕಾನೂನಿನ ಪ್ರಕಾರ, ಸೇನಾನಿಗಳ ಮನೆಯ ಮರ್ಯಾದೆಯ ಕಾನೂನು. ಗಂಡಸು ರಣದಲ್ಲಿ ಸತ್ತರೆ ವೀರಗಲ್ಲು, ಹೆಂಡತಿ ಹಿಂದೆ ಹೋದರೆ ಮಾಸ್ತಿಕಲ್ಲು. ನಮ್ಮ ನಾಡಿನ ಊರೂರಲ್ಲಿ ಈ ಎರಡೂ ಕಲ್ಲುಗಳಿವೆ. ಕೆಲವು ಕಡೆ ಕಲ್ಲಿನ ಮೇಲೆ ಬಳೆ ತೊಟ್ಟ ಒಂದು ತೋಳು ಮಾತ್ರ ಕಾಣುತ್ತದೆ, ಜನ ಅರಿಶಿನ ಕುಂಕುಮ ಹಚ್ಚಿ ಹೋಗುತ್ತಾರೆ. ಉಳಿದುಕೊಂಡ ಹೆಂಗಸಿಗೆ ಕಲ್ಲು ನಿಲ್ಲಿಸುವ ರೂಢಿ ಇಲ್ಲ. ಅತ್ತಿಮಬ್ಬೆಗೆ ತನ್ನ ಕಲ್ಲನ್ನು ತಾನೇ ಕಟ್ಟಿಕೊಳ್ಳಬೇಕಾಯಿತು, ಅದೂ ಒಂದು ದೇವಸ್ಥಾನದಷ್ಟು ದೊಡ್ಡದು.

ರನ್ನನ ಮೇಲೆ ನನಗೆ ಇಲ್ಲಿ ತಕರಾರಿದೆ. ಆಶ್ರಯ ಕೊಟ್ಟ ಮನೆಯ ಹೆಣ್ಣುಮಗಳ ಸಾವನ್ನು ಅವನು ಹೊಗಳಿಕೆಯ ಭಾಷೆಯಲ್ಲೇ ಹೇಳಿದ. ಅವನೂ ಜೈನ, ಆಚಾರ್ಯ ಅಜಿತಸೇನರ ಶಿಷ್ಯ. ಲೋಕಮೂಢತೆ ಅಂದರೇನು ಅಂತ ಅವನಿಗೆ ಗೊತ್ತಿರಲೇಬೇಕು. ಹತ್ತು ಶತಮಾನದ ಹಿಂದಿನ ಕವಿಗೆ ಇವತ್ತಿನ ತಕ್ಕಡಿ ಹಿಡಿಯಬೇಡಿ ಅನ್ನಬಹುದು. ನಾನು ಹಿಡಿದಿರುವುದು ಅವನದೇ ತಕ್ಕಡಿ. 1987ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ಹದಿನೆಂಟು ವರ್ಷದ ರೂಪ್ ಕಂವರ್ ಗಂಡನ ಚಿತೆಯಲ್ಲಿ ಸುಟ್ಟು ಸತ್ತಾಗ, ಆ ಜಾಗಕ್ಕೆ ಸಾವಿರಾರು ಜನ ಚುನರಿ ಹೊತ್ತು ಪೂಜೆಗೆ ಹೋದರು. ಆಮೇಲೆ ಬಂದ ಸತಿ ತಡೆ ಕಾಯ್ದೆ ಸತಿಯನ್ನಷ್ಟೇ ಅಲ್ಲ, ಅದರ ವೈಭವೀಕರಣವನ್ನೂ ಅಪರಾಧ ಮಾಡಿತು. ಹೊಗಳುವ ಮಾತೂ ಚಿತೆಗೆ ಸೌದೆಯೇ ಎಂದು ಆ ಕಾಯ್ದೆ ಬರೆದವರಿಗೆ ಅರ್ಥವಾಗಿತ್ತು.

ಅತ್ತಿಮಬ್ಬೆಯೊಳಗೆ ಆ ದಿನ ಏನಾಯಿತು? ಆಕೆಯ ಬಗ್ಗೆ ಬರೆದವರೆಲ್ಲ ಗಂಡಸರು, ಅವರು ಬರೆದದ್ದೆಲ್ಲ ಪ್ರಶಂಸೆ. ಜೈನ ಶ್ರದ್ಧೆಗೆ ಎಂಟು ಅಂಗಗಳಿವೆ, ಅದರಲ್ಲಿ ಮೊದಲನೆಯದೇ ನಿಃಶಂಕಿತ. ಅಂದರೆ ಶಂಕೆಯೇ ಇಲ್ಲದಿರುವುದು. ಹಾಗಾಗಿ ಆಕೆಯನ್ನು ಹೊಗಳುವ ಕವಿ ಆಕೆಗೊಂದು ಅನುಮಾನವಿತ್ತು ಅಂತ ಬರೆಯುವ ಹಾಗೇ ಇಲ್ಲ. ಬರೆದರೆ ಹೊಗಳಿಕೆ ಕೆಡುತ್ತದೆ.

ನಮ್ಮ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು 1841ರಿಂದ ಇದ್ದವರು. ಅಲ್ಲಿಯ ಗೆಳೆಯರ ಮನೆಗಳಲ್ಲಿ ಕೇಳಿದ ಬೈಬಲ್ಲಿನ ಕಥೆಗಳು ನನಗೆ ಇಲ್ಲಿ ನೆನಪಾಗುತ್ತವೆ. ಅಲ್ಲಿಯೂ ನೀರು ನಿಲ್ಲುತ್ತದೆ. ಮೋಶೆಗೆ ಕೆಂಪು ಸಮುದ್ರ ಇಬ್ಭಾಗವಾಗುತ್ತದೆ, ಯೆಹೋಶುವನ ಜನರಿಗೆ ಯೊರ್ದಾನ್ ನದಿ ದಾರಿ ಬಿಡುತ್ತದೆ. ಆದರೆ ಅದೇ ಪುಸ್ತಕದಲ್ಲಿ ತೋಮನು ಗಾಯ ಮುಟ್ಟಿ ನೋಡದೆ ನಂಬಲಾರೆ ಎನ್ನುತ್ತಾನೆ, ಪೇತ್ರನು ಕೋಳಿ ಕೂಗುವಷ್ಟರಲ್ಲಿ ಮೂರು ಸಲ ಗುರುವನ್ನು ಅಲ್ಲಗಳೆಯುತ್ತಾನೆ, ಯೋಬನು ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕೂತು ದೇವರ ಜೊತೆ ವಾದಕ್ಕಿಳಿಯುತ್ತಾನೆ. ಅನುಮಾನವನ್ನೂ ಅಲ್ಲಿ ಬರೆದಿಟ್ಟಿದ್ದಾರೆ. ಅದಕ್ಕೇ ಆ ಕಾಲದ ಮೇಲೆ ಕಾದಂಬರಿ ಬರೆಯುವವರಿಗೆ ಹಿಡಿಯಲು ಒಂದು ತುದಿ ಸಿಗುತ್ತದೆ. ಅಲ್ಲಿಯೂ ಹೆಂಗಸರ ಅನುಮಾನ ಸಿಗುವುದು ಕಡಿಮೆ, ಅದು ಬೇರೆ ಮಾತು. ಅತ್ತಿಮಬ್ಬೆಯ ಮೇಲೆ ಬರೆಯಹೊರಟರೆ ಸಿಗುವುದು ಬಿರುದುಗಳ ಪಟ್ಟಿ. ಆಕೆಯನ್ನು ತಿಳಿಯಲು ಆಕೆ ಮಾಡಿದ ಕೆಲಸವನ್ನೇ ನೋಡಬೇಕು. ಕೆಲಸ ಬೇಕಾದಷ್ಟಿದೆ, ಪುಣ್ಯಕ್ಕೆ.

ವಿಧವೆಯಾದ ಮೇಲೆ ಆಕೆ ವ್ರತ, ಉಪವಾಸಗಳಲ್ಲಿ ದೇಹ ಸವೆಸಿದಳು ಎಂದು ರನ್ನ ಹೇಳುತ್ತಾನೆ. ಮನೆಯೊಳಗೆ ಅಷ್ಟಕ್ಕೇ ನಿಂತಿದ್ದರೆ ಯಾರೂ ನೆನೆಯುತ್ತಿರಲಿಲ್ಲ. ಆದರೆ ಆಕೆ ತಂದೆ ಮತ್ತು ಚಿಕ್ಕಪ್ಪ ಬರೆಸಿದ್ದ ಆ ‘ಶಾಂತಿಪುರಾಣ’ವನ್ನು ಕೈಗೆತ್ತಿಕೊಂಡಳು. ಅದರ ಒಂದು ಸಾವಿರ ಪ್ರತಿ ಮಾಡಿಸಿ ಹಂಚಿಸಿದಳು.

ಸಾವಿರ ಪ್ರತಿ ಅಂದರೇನು ಅಂತ ಸ್ವಲ್ಪ ಯೋಚಿಸಿ ನೋಡಿ. ಪಿಡಿಎಫ್ ಕಳಿಸಿದ ಹಾಗಲ್ಲ. ತಾಳೆಗರಿ ತರಿಸಬೇಕು, ಕುದಿಸಿ ಒಣಗಿಸಿ ನಯ ಮಾಡಬೇಕು, ಒಂದಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ ಅಕ್ಷರ ಕೊರೆಯಬೇಕು, ಗರಿ ಹರಿಯದಂತೆ. ಕೊರೆದ ಮೇಲೆ ಮಸಿ ಸವರಿ ಒರೆಸಿದರೆ ಅಕ್ಷರ ಕಾಣುತ್ತದೆ. ಆಮೇಲೆ ತೂತು ಕೊರೆದು ದಾರ ಪೋಣಿಸಿ ಮರದ ಹಲಗೆ ಕಟ್ಟಬೇಕು. ಹನ್ನೆರಡು ಆಶ್ವಾಸದ ಕಾವ್ಯವನ್ನು ಒಬ್ಬ ಲಿಪಿಕಾರ ಎರಡು ತಿಂಗಳಲ್ಲಿ ಮುಗಿಸುತ್ತಾನೆ ಅಂತ ನಾನೊಂದು ಲೆಕ್ಕ ಹಾಕಿದೆ. ಸಾವಿರ ಪ್ರತಿಗೆ ಒಬ್ಬನೇ ಕೂತರೆ 166 ವರ್ಷ. ಇಪ್ಪತ್ತು ಜನ ಕೂತರೆ ಎಂಟು ವರ್ಷದ ಮೇಲೆ. ಅಷ್ಟು ಜನಕ್ಕೆ ಊಟ, ಕೂಲಿ, ಗರಿ, ತಪ್ಪು ನೋಡುವವರು, ಹಂಚಲು ಬಂಡಿ. ಇದು ಭಕ್ತಿಯ ಕೆಲಸ ಎಷ್ಟೋ ಅಷ್ಟೇ ಆಡಳಿತದ ಕೆಲಸ. ಯುರೋಪಿನಲ್ಲಿ ಗುಟೆನ್‌ಬರ್ಗ್ 1450ರ ದಶಕದಲ್ಲಿ ಯಂತ್ರ ಇಟ್ಟುಕೊಂಡು ಬೈಬಲ್ ಮುದ್ರಿಸಿದಾಗ ತೆಗೆದ ಪ್ರತಿಗಳು ಸುಮಾರು 180.

ಯಾಕೆ ಮಾಡಿಸಿದಳು? ಜೈನರಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರ ಅಂತ ನಾಲ್ಕು ದಾನ, ಅದರಲ್ಲೊಂದು ಇದು ಎಂಬುದು ಸಿದ್ಧ ಉತ್ತರ. ನನಗೆ ಇನ್ನೂ ಒಂದು ತೋಚುತ್ತದೆ. ರಾಜಧಾನಿ ಸುಟ್ಟಾಗ, ದೊರೆಮನೆ ಬಿದ್ದಾಗ ಪುಸ್ತಕಗಳಿಗೆ ಏನಾಗುತ್ತದೆ ಎಂದು ಕಂಡ ತಲೆಮಾರು ಆಕೆಯದು. ಒಂದೇ ಕಡೆ ಇಟ್ಟದ್ದು ಒಂದೇ ಸಲ ಹೋಗುತ್ತದೆ, ಸಾವಿರ ಮನೆಯಲ್ಲಿಟ್ಟದ್ದು ಹೋಗುವುದಿಲ್ಲ. ಪೊನ್ನ ‘ಭುವನೈಕರಾಮಾಭ್ಯುದಯ’ ಅಂತ ಇನ್ನೊಂದು ಕಾವ್ಯ ಬರೆದಿದ್ದ. ಅದು ಇವತ್ತು ಇಲ್ಲ. ರನ್ನನ ‘ಪರಶುರಾಮಚರಿತ’ವೂ ಇಲ್ಲ, ‘ಚಕ್ರೇಶ್ವರಚರಿತ’ವೂ ಇಲ್ಲ. ‘ಶಾಂತಿಪುರಾಣ’ ಇದೆ. ಗಂಡ, ತಂಗಿ ಇಬ್ಬರನ್ನೂ ಬೆಂಕಿಗೆ ಕೊಟ್ಟವಳು ತವರಿನ ಪುಸ್ತಕವೊಂದನ್ನು ಬೆಂಕಿಗೆ ಸಿಗದ ಹಾಗೆ ಮಾಡಿದಳು.

ರನ್ನ ಆಕೆಯ ಬಳಿ ಬಂದದ್ದೂ ಹೀಗೇ ನೋಡಬೇಕಾದ ಸಂಗತಿ. ಮುದುವೊಳಲಿನ, ಅಂದರೆ ಈಗಿನ ಮುಧೋಳದ, ಬಳೆಗಾರರ ಮನೆಯ ಹುಡುಗ. 949ರಲ್ಲಿ ಹುಟ್ಟಿದವನು. ಬಳೆ ಮಾರುವ ಕುಲದವನಿಗೆ ಕಾವ್ಯ, ವ್ಯಾಕರಣ ಯಾರು ಹೇಳಿಕೊಡ್ತಾರೆ? ದಕ್ಷಿಣಕ್ಕೆ ಹೋಗಿ ಗಂಗರ ಮಂತ್ರಿ ಚಾವುಂಡರಾಯನ ಆಸರೆಯಲ್ಲಿ ಬೆಳೆದು ಬಂದ. ಆಮೇಲೆ ಅತ್ತಿಮಬ್ಬೆ ಅವನಿಗೆ ಆಶ್ರಯ ಕೊಟ್ಟು ಎರಡನೆಯ ತೀರ್ಥಂಕರನ ಕಥೆ ಬರೆಸಿದಳು. 993ರಲ್ಲಿ ‘ಅಜಿತಪುರಾಣ’ ಮುಗಿಯಿತು. ಕನ್ನಡದಲ್ಲಿ ಒಬ್ಬ ವಿಧವೆ ಮುಂದೆ ನಿಂತು ಕಾವ್ಯ ಬರೆಸಿದ್ದು, ಅದನ್ನು ಬರೆದವನು ಬಳೆಗಾರರ ಮಗ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ರನ್ನ ಆ ಕಾವ್ಯದಲ್ಲಿ ತೀರ್ಥಂಕರನ ಕಥೆ ಎಷ್ಟು ಹೇಳಿದನೋ, ಅತ್ತಿಮಬ್ಬೆಯ ಮನೆತನದ ಕಥೆಯನ್ನೂ ಬಿಡದೆ ಹೇಳಿದ. ನಮಗೆ ಆಕೆಯ ಬದುಕು ಸಿಕ್ಕಿರುವುದೇ ಹಾಗೆ. ತಕರಾರು ತಕರಾರೇ, ಋಣ ಋಣವೇ.

ಇನ್ನು ಲಕ್ಕುಂಡಿ. ಆಗಿನ ಹೆಸರು ಲೊಕ್ಕಿಗುಂಡಿ. ವ್ಯಾಪಾರದ ಊರು, ನಾಣ್ಯ ಟಂಕಿಸುತ್ತಿದ್ದ ಊರು. ಲೊಕ್ಕಿ ಗದ್ಯಾಣ ಅಂತಲೇ ಇಲ್ಲಿಯ ಚಿನ್ನದ ನಾಣ್ಯಕ್ಕೆ ಹೆಸರಿತ್ತು. ತೈಲಪ ಸತ್ತು ಅವನ ಮಗ ಇರಿವಬೆಡಂಗ ಸತ್ಯಾಶ್ರಯ ಆಳುತ್ತಿದ್ದ ಕಾಲ. ಅತ್ತಿಮಬ್ಬೆಯ ಮಗ ಬೆಳೆದು ಚಾಲುಕ್ಯರ ಅಧಿಕಾರಿಯಾಗಿದ್ದ. 1007ರಲ್ಲಿ ಆಕೆ ಇಲ್ಲಿ ಬಸದಿ ಕಟ್ಟಿಸಿದಳು, ದೊರೆಯಿಂದ ಒಪ್ಪಿಗೆ ಪಡೆದು ದತ್ತಿ ಬಿಡಿಸಿದಳು, ಶಾಸನ ಹಾಕಿಸಿದಳು. ಅದೇ ಬ್ರಹ್ಮ ಜಿನಾಲಯ. ಅಲ್ಲಿಯವರೆಗೆ ನಮ್ಮ ಕಡೆ ಗುಡಿಗಳೆಂದರೆ ಒರಟು ಮರಳುಗಲ್ಲು. ಈ ಬಸದಿಗೆ ಬಳಸಿದ್ದು ಮೆತ್ತಗಿನ ಬಳಪದ ಜಾತಿಯ ಕಲ್ಲು, ಅದರಲ್ಲಿ ಸಣ್ಣ ಕೆತ್ತನೆ ಕೂರುತ್ತದೆ. ಆಮೇಲೆ ಬಂದ ಕಾಶಿವಿಶ್ವೇಶ್ವರದ ಬಾಗಿಲ ಕೆತ್ತನೆ, ಇಟಗಿಯ ಮಹಾದೇವ, ಎಲ್ಲ ಇದೇ ಕಲ್ಲಿನ ದಾರಿ ಹಿಡಿದವು. ಒಳಗೆ ನಾಲ್ಕು ಮುಖದ ಬ್ರಹ್ಮನೂ ಪದ್ಮಾವತಿಯೂ ಇದ್ದಾರೆ. ಅದನ್ನೆಲ್ಲ ನೀವು ಹೋಗಿ ನೋಡಿಯೇ ಬಿಡಿ, ಓದಿ ಪ್ರಯೋಜನವಿಲ್ಲ. ಚಿನ್ನದಲ್ಲಿ, ರತ್ನದಲ್ಲಿ ಮಾಡಿಸಿದ 1500 ಜಿನಬಿಂಬಗಳನ್ನು ಹಂಚಿದಳೆಂದೂ ಹೇಳುತ್ತಾರೆ.

ಅಷ್ಟು ಚಿನ್ನ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ದಾನಿಗಳ ಕಥೆಯಲ್ಲಿ ಕೇಳಬಾರದು ಅಂತ ಒಂದು ಅಲಿಖಿತ ನಿಯಮ ಇದೆ. ನಾನು ಕೇಳುತ್ತೇನೆ. ಅದೇ 1007ರ ಇನ್ನೊಂದು ಶಾಸನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿದೆ. ಚೋಳರ ಸೈನ್ಯ ಒಂಬತ್ತು ಲಕ್ಷ ಜನರೊಂದಿಗೆ ನುಗ್ಗಿ ನಾಡನ್ನು ಕೊಳ್ಳೆ ಹೊಡೆಯಿತು, ಹೆಂಗಸರು ಮಕ್ಕಳೆನ್ನದೆ ಕೊಂದಿತು, ಸತ್ಯಾಶ್ರಯ ಅದನ್ನು ಹಿಮ್ಮೆಟ್ಟಿಸಿದ ಎಂದು ಅದು ಹೇಳುತ್ತದೆ. ಒಂಬತ್ತು ಲಕ್ಷ ಎಂಬುದು ಉತ್ಪ್ರೇಕ್ಷೆ ಇರಬಹುದು, ಆದರೆ ಕೊಳ್ಳೆ ಸುಳ್ಳಲ್ಲ. ಚಾಲುಕ್ಯರೂ ಬೇರೆಯವರ ನಾಡಿಗೆ ಹೋಗಿ ಅದನ್ನೇ ಮಾಡಿದವರು. ಅತ್ತಿಮಬ್ಬೆಯ ಮಾವ ಆ ರಾಜ್ಯದ ಮಂತ್ರಿ, ಗಂಡ ಸೇನಾನಿ, ಮಗ ಅಧಿಕಾರಿ. ಅಹಿಂಸೆಯ ಬಸದಿಗೆ ಇಟ್ಟ ಹಣದಲ್ಲಿ ರೈತರ ತೆರಿಗೆಯೂ ಇದೆ, ರಣದ ಲೂಟಿಯೂ ಇದ್ದೀತು. ಅದನ್ನು ಹೇಳಿದರೆ ಆಕೆ ಸಣ್ಣವಳಾಗುವುದಿಲ್ಲ. ಆ ಮನೆಯಲ್ಲಿ ಆ ಹಣ ಇನ್ನೊಂದು ಯುದ್ಧಕ್ಕೂ ಹೋಗಬಹುದಿತ್ತು. ಆಕೆ ಅದನ್ನು ಲಿಪಿಕಾರರಿಗೆ, ಕಲ್ಲುಕುಟಿಗರಿಗೆ, ಬಳೆಗಾರರ ಮನೆಯ ಕವಿಗೆ ಕೊಟ್ಟಳು.

ಈಗ ಹೊಳೆ. ಆಕೆಯ ಜಿನಭಕ್ತಿಗೆ ಗೋದಾವರಿ ಹರಿಯುವುದನ್ನು ನಿಲ್ಲಿಸಿತು ಎಂಬ ಪವಾಡ ಎಲ್ಲಕ್ಕಿಂತ ದೊಡ್ಡದು. ಮದವೇರಿದ ಆನೆ ತಣ್ಣಗಾಯಿತು, ಬೆಂಕಿ ಆರಿತು ಅಂತಲೂ ಇದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನೋಡಲು ಬೆಟ್ಟ ಹತ್ತಿದಾಗ ಬಿಸಿಲು ಹೋಗಿ ತಣ್ಣನೆ ಮಳೆ ಬಿತ್ತು ಎಂಬುದು ಇನ್ನೊಂದು. ಆ ಮೂರ್ತಿ ನಿಂತದ್ದು 981ರಲ್ಲಿ, ಹಾಗಾಗಿ ಆಕೆ ನೋಡಿದ್ದು ಹೊಚ್ಚಹೊಸ ಗೊಮ್ಮಟನನ್ನು. ಬಿಸಿಲಲ್ಲಿ ಆ ಬಂಡೆ ಹತ್ತಿದವರಿಗೆ ನಾಲ್ಕು ಹನಿ ಮಳೆಯೂ ಪವಾಡವೇ, ಈ ಒಂದನ್ನು ನಾನು ಹಾಗೇ ಬಿಡುತ್ತೇನೆ.

ಪವಾಡ ನಡೆಯಿತೋ ಇಲ್ಲವೋ ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ನದಿ ನಿಲ್ಲುವುದಿಲ್ಲ, ಅದು ನಮಗೆಲ್ಲ ಗೊತ್ತು. ಪವಾಡ ಏನು ಮಾಡುತ್ತದೆ ಎಂಬುದು ಮುಖ್ಯ. ಸುಮಾರು 1118ರಲ್ಲಿ, ಅತ್ತಿಮಬ್ಬೆಯ ಬಸದಿಗೆ ನೂರಕ್ಕೂ ಹೆಚ್ಚು ವರ್ಷವಾದ ಮೇಲೆ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನನ್ನು ಹೊಗಳುವ ಶ್ರವಣಬೆಳಗೊಳದ ಶಾಸನವೊಂದು ಆಕೆಯನ್ನು ನೆನೆಯುತ್ತದೆ. ಅಂದು ಅತ್ತಿಮಬ್ಬೆಗೆ ಗೋದಾವರಿ ನಿಂತ ಹಾಗೆ ಗಂಗರಾಜನನ್ನು ಉಕ್ಕಿ ಬಂದ ಕಾವೇರಿ ಮುಟ್ಟಲಿಲ್ಲ ಎನ್ನುವುದು ಅದರ ಸಾರ. ಒಬ್ಬ ಸೇನಾಪತಿಯನ್ನು ದೊಡ್ಡವನು ಮಾಡಲು ಒಬ್ಬ ವಿಧವೆಯನ್ನು ಅಳತೆಗೋಲಾಗಿ ಇಟ್ಟಿದ್ದಾರೆ. ಸಾಮಾನ್ಯವಾಗಿ ಹೆಂಗಸರನ್ನು ಸೀತೆಗೆ, ಅರುಂಧತಿಗೆ ಹೋಲಿಸುತ್ತಾರೆ. ಇಲ್ಲಿ ಗಂಡಸನ್ನು ಹೆಂಗಸಿಗೆ ಹೋಲಿಸಿದ್ದಾರೆ. ಇದು ಪವಾಡ ತಂದ ಲಾಭ. ನಷ್ಟ ಏನೆಂದರೆ ನೆನಪಿಟ್ಟದ್ದು ಹೊಳೆಯನ್ನು, ಸಾವಿರ ಪ್ರತಿಯನ್ನಲ್ಲ. ಚಿತೆಯ ಮುಂದೆ ನಿಂತು ಹಿಂದಕ್ಕೆ ನಡೆದ ಹೆಜ್ಜೆಯನ್ನಂತೂ ಅಲ್ಲವೇ ಅಲ್ಲ. ನದಿ ನಿಲ್ಲಿಸಿದವಳನ್ನು ಪೂಜಿಸಬಹುದು, ಅನುಸರಿಸಲು ಆಗುವುದಿಲ್ಲ. ಬದುಕಿ ಉಳಿದು ಕೆಲಸ ಮಾಡಿದವಳನ್ನು ಅನುಸರಿಸಬಹುದು, ಅದಕ್ಕೇ ಅವಳು ಭಾಷಣಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಬಸದಿ ನೆಮ್ಮದಿಯಿಂದ ಇರಲಿಲ್ಲ. ಗಾವರವಾಡ, ಅಣ್ಣಿಗೇರಿಗಳ 1071ರ ಶಾಸನಗಳು ಚೋಳರು ಬೆಳ್ವೊಲ ನಾಡಿಗೆ ನುಗ್ಗಿ ಬಸದಿಗಳನ್ನು ಸುಟ್ಟ ಕಥೆ ಹೇಳುತ್ತವೆ. ಮುಂದೆ ಶತಮಾನ ಕಳೆಯುವಷ್ಟರಲ್ಲಿ ಹೊಯ್ಸಳ ವೀರಬಲ್ಲಾಳ ಬಂದು ಲೊಕ್ಕಿಗುಂಡಿಯನ್ನು ತನ್ನ ನೆಲೆವೀಡು ಮಾಡಿಕೊಂಡ. ಊರು ಕೈ ಬದಲಾಯಿಸುತ್ತಲೇ ಹೋಯಿತು, ಬಸದಿ ಮಾತ್ರ ನಿಂತಿತು.

ಮುಧೋಳದ ಆ ಬಳೆಗಾರರ ಕವಿಗೆ ಇಬ್ಬರು ಮಕ್ಕಳಾದರು. ಮಗನಿಗೆ ಚಾವುಂಡರಾಯನ ನೆನಪಿಗೆ ರಾಯ ಅಂತ ಹೆಸರಿಟ್ಟ. ಮಗಳನ್ನು ಅತ್ತಿಮಬ್ಬೆ ಅಂತ ಕರೆದ. ಹೊಗಳಲು ಅವನ ಕಾವ್ಯದಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಮನೆಯ ಹುಡುಗಿಗೆ ಹೆಸರಿಡುವಾಗ ಅವನು ಆರಿಸಿದ್ದು ಬದುಕಿ ಉಳಿದವಳ ಹೆಸರನ್ನು.